ರೈಲು ದಾಟುವವರೆಗಿನ ಪಾಠ

ನಮ್ಮ ಶಾಲೆಯಲ್ಲಿ ಪಾಠ ಮಾಡುವವರು ಮೊದಲು ಕಲಿಯಬೇಕಾದದ್ದು ಮಾತನ್ನು ಅರ್ಧಕ್ಕೆ ನಿಲ್ಲಿಸುವುದನ್ನು. ಬೈಯಪ್ಪನಹಳ್ಳಿಯಲ್ಲಿ ರೈಲು ಹಳಿಗೂ ನಮ್ಮ ಕಾಂಪೌಂಡಿಗೂ ನಡುವೆ ಇರುವುದು ಒಂದು ಮಣ್ಣಿನ ದಾರಿ, ಒಂದು ಹೊಂಗೆ ಮರ, ಅಷ್ಟೆ. ರೈಲು ಬಂದಾಗ ಕಿಟಕಿಯ ಸರಳು ನಡುಗುತ್ತದೆ, ಬೋರ್ಡಿನ ಅಂಚಿನಲ್ಲಿಟ್ಟ ಸೀಮೆಸುಣ್ಣ ತಾನಾಗಿ ಉರುಳುತ್ತದೆ, ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಹಾಗಾಗಿ ಇಲ್ಲಿನ ಎಲ್ಲ ಶಿಕ್ಷಕರಿಗೂ ಒಂದು ಅಭ್ಯಾಸ. ವಾಕ್ಯವನ್ನು ಎಲ್ಲಿದೆಯೋ ಅಲ್ಲಿಯೇ ಬಿಟ್ಟು ಕೈ ಎತ್ತುತ್ತೇವೆ. ಮಕ್ಕಳೂ ಬಾಯಿ ಮುಚ್ಚುತ್ತಾರೆ. ರೈಲು ದಾಟಿದ ಮೇಲೆ ಅದೇ ಪದದಿಂದ ಮುಂದುವರಿಸುತ್ತೇವೆ. ಹೊಸದಾಗಿ ವರ್ಗವಾಗಿ ಬಂದವರು ಮೊದಮೊದಲು ರೈಲಿಗಿಂತ ಜೋರಾಗಿ ಕಿರುಚಿ ಗಂಟಲು ಕೆಡಿಸಿಕೊಳ್ಳುತ್ತಾರೆ. ಆಮೇಲೆ ಅವರೂ ಕೈ ಎತ್ತುತ್ತಾರೆ. ಹಲಸೂರಿನ ನನ್ನ ಮನೆಯಲ್ಲಿ ಕುಕ್ಕರ್ ಕೂಗಿದರೂ ನಾನು ಮಾತು ನಿಲ್ಲಿಸಿ ಕೈ ಎತ್ತುತ್ತೇನೆ, ಮನೆಯವರು ನಗುತ್ತಾರೆ.

ಈ ಅಭ್ಯಾಸ ಇರದ ಬೇರೆ ಯಾವ ಶಾಲೆಯಲ್ಲಿದ್ದರೂ ನಾನು ಈಗ ಹೇಳಹೊರಟಿರುವುದು ನಡೆಯುತ್ತಿರಲಿಲ್ಲ. ಅವಸರ ಮಾಡದೆ, ಕಂಡದ್ದನ್ನು ಕಂಡಷ್ಟೇ, ಊಹಿಸಿದ್ದನ್ನು ಊಹೆಯೆಂದೇ ಬರೆಯುತ್ತೇನೆ.

ಆ ವರ್ಷ ನನಗೆ ನಾಲ್ಕನೇ ತರಗತಿ ಸಿಕ್ಕಿತ್ತು. ನಮ್ಮಲ್ಲಿ ಮೂರನೆಯ ತರಗತಿಯವರೆಗೆ ಮಕ್ಕಳು ಚಾಪೆಯ ಮೇಲೆ ಗುಂಪುಗುಂಪಾಗಿ, ಮುಖಕ್ಕೆ ಮುಖ ಕೊಟ್ಟು ಕೂರುತ್ತಾರೆ. ನಾಲ್ಕಕ್ಕೆ ಬಂದರೆ ಬೆಂಚು. ಎಲ್ಲರ ಮುಖ ಬೋರ್ಡಿಗೆ, ಎಲ್ಲರ ಬೆನ್ನು ಹಿಂದಿನವರಿಗೆ. ಮಕ್ಕಳಿಗೆ ಬೆಂಚು ಸಿಕ್ಕಿತೆಂದು ಹೆಮ್ಮೆ. ಅದರಿಂದ ಯಾರಾದರೂ ಏನನ್ನಾದರೂ ಕಳೆದುಕೊಳ್ಳಬಹುದು ಎಂದು ನಮಗೆ ಯಾರಿಗೂ ಹೊಳೆದಿರಲಿಲ್ಲ.

ತರಗತಿಯ ಅರ್ಧದಷ್ಟು ಮಕ್ಕಳು ಯಾದಗಿರಿ, ರಾಯಚೂರು, ಕಲಬುರಗಿ ಕಡೆಯವರು. ಅಪ್ಪಂದಿರು ಕಟ್ಟಡದ ಕೆಲಸಕ್ಕೆ, ಅಮ್ಮಂದಿರು ಇಂದಿರಾನಗರದ ಅಪಾರ್ಟ್‌ಮೆಂಟುಗಳಲ್ಲಿ ಕಸ ಗುಡಿಸಿ ನೆಲ ಒರೆಸುವ ಕೆಲಸಕ್ಕೆ ಹೋಗುತ್ತಾರೆ. ಮಿಕ್ಕವರಲ್ಲಿ ಕೆಲವರ ಮನೆಯಲ್ಲಿ ತಮಿಳು, ಕೆಲವರ ಮನೆಯಲ್ಲಿ ಉರ್ದು. ಒಂದೇ ಪಾಠವನ್ನು ಮೂರು ಬಗೆಯಾಗಿ ಹೇಳದೆ ನಮ್ಮ ದಿನ ಮುಗಿಯುವುದಿಲ್ಲ.

ಕಿಟಕಿಯ ಪಕ್ಕದ ಬೆಂಚಿನಲ್ಲಿ ಯಾದಗಿರಿ ಕಡೆಯ ಒಬ್ಬ ಹುಡುಗಿ ಕೂರುತ್ತಿದ್ದಳು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ, ಕೆಂಪು ರಿಬ್ಬನ್ನು, ನಾನು ಏನು ಹೇಳಿದರೂ ಒಂದು ನಗು. ಬೋರ್ಡಿನಲ್ಲಿ ಇದ್ದುದನ್ನು ಅಚ್ಚು ಹಾಕಿದ ಹಾಗೆ ಇಳಿಸಿಕೊಳ್ಳುತ್ತಿದ್ದಳು. ಅದನ್ನೇ ಓದು ಎಂದರೆ ನಗು. ಹಿಂದಿನ ವರ್ಷ ಅವಳಿಗೆ ಪಾಠ ಮಾಡಿದ್ದ ಶಿಕ್ಷಕಿ ನನಗೆ ತರಗತಿ ಒಪ್ಪಿಸುವಾಗ, ಒಳ್ಳೆಯ ಹುಡುಗಿ, ಆದರೆ ಬಾಯಿ ಬಿಡುವುದಿಲ್ಲ ಎಂದಿದ್ದರು. "ಆ ಕಡೆಯವ್ಳಲ್ವಾ, ನಮ್ಮ ಕನ್ನಡ ಅರ್ಥ ಆಗಲ್ಲ ಅವ್ಳಿಗೆ. ಒಂದ್ ವರ್ಷ ಬಿಡಿ, ಸರಿ ಹೋಗ್ತಾಳೆ."

ಈ ಮಾತನ್ನು ನಂಬದಿರಲು ಕಾರಣವಿರಲಿಲ್ಲ. ಆ ಕಡೆಯಿಂದ ಬಂದ ಮಕ್ಕಳು ಮೊದಲ ಒಂದೆರಡು ವರ್ಷ ಹಾಗೆಯೇ ಇರುತ್ತಾರೆ. ನಮ್ಮ 'ಹೋಗ್ಬಿಟ್ಟು ಬಂದ್ಬಿಟ್ಟು' ಅವರಿಗೆ ವಿಚಿತ್ರ, ಅವರ 'ಹೋಗೂದು ಬರೂದು' ನಮ್ಮ ಮಕ್ಕಳಿಗೆ ನಗು. ನಾನೂ ಅವಳಿಗಾಗಿ ಅವರ ಕಡೆಯ ಪದಗಳನ್ನು ಹುಡುಕಿ ಆಡಿದೆ. ಅದಕ್ಕೂ ಅದೇ ನಗು.

ಅವಳ ತಾಯಿ ಶಾಲೆ ಶುರುವಾದ ವಾರವೇ ಬಂದು ನನ್ನನ್ನು ಕಂಡಿದ್ದಳು. ಎತ್ತರದ, ಬಿರುಸಿನ ಹೆಂಗಸು. ಕೆಲಸದ ಯೂನಿಫಾರ್ಮಿನ ನೀಲಿ ಕೋಟನ್ನು ಸೀರೆಯ ಮೇಲೆ ಹಾಕಿಕೊಂಡೇ ಬಂದಿದ್ದಳು. ಆಕೆ ಬಳಸು ಮಾತು ಆಡಲಿಲ್ಲ.

"ಈ ಸಲ ನೋಡ್ತೀವ್ರಿ ಟೀಚರ್. ಓದಾಕ ಬಂದ್ರ ಇಲ್ಲೇ ಇರ್ತಾಳ. ಇಲ್ಲಾಂದ್ರ ದಸರಾ ಸೂಟಿಗೆ ಊರಿಗೆ ಹೋದಾಗ ನಮ್ಮವ್ವನ ಹತ್ರ ಬಿಟ್ಟು ಬರ್ತೀವಿ."

ಊರಿನಲ್ಲಿ ಅಜ್ಜಿಗೆ ಆಡುಗಳಿದ್ದವು. ಶಾಲೆ ಇತ್ತೋ ಇಲ್ಲವೋ, ಆಡು ಕಾಯಲು ಹೋದ ಹುಡುಗಿಯನ್ನು ಯಾರೂ ಮತ್ತೆ ಶಾಲೆಗೆ ಕಳಿಸುವುದಿಲ್ಲ ಎಂದು ನನಗೂ ಗೊತ್ತಿತ್ತು, ಆಕೆಗೂ ಗೊತ್ತಿತ್ತು. ಆಕೆ ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ದಿನವಿಡೀ ಮನೆಯಲ್ಲಿ ಯಾರೂ ಇಲ್ಲದ ಊರಿನಲ್ಲಿ, ಓದೂ ಬಾರದ ಮಗಳನ್ನು ಯಾಕೆ ಇಟ್ಟುಕೊಳ್ಳಬೇಕು ಎಂಬುದು ಆಕೆಯ ಲೆಕ್ಕ. ಹೀಗೆ ಆ ಹುಡುಗಿಗೆ ದಸರೆಯವರೆಗೆ ಗಡುವು ಬಿತ್ತು. ಅವಳಿಗೆ ಅದು ಗೊತ್ತಿರಲಿಲ್ಲ. ಅಮ್ಮನ ಪಕ್ಕದಲ್ಲಿ ನಿಂತು ಇಬ್ಬರ ಬಾಯಿಯನ್ನೂ ನೋಡುತ್ತಿದ್ದಳು.

ಇಲ್ಲಿ ಮಗ್ಗಿಯ ವಿಷಯ ಹೇಳಬೇಕು. ನಮ್ಮ ಕಡೆ ಶಾಲೆ ನಡೆಯುತ್ತಿದೆ ಎನ್ನುವುದಕ್ಕೆ ಸಾಕ್ಷಿ ಶಬ್ದ. ಬೆಳಗ್ಗೆ ಮೊದಲ ಪಿರಿಯಡ್ಡಿಗೆ ಪ್ರತಿ ತರಗತಿಯೂ ಮಗ್ಗಿಯನ್ನು ಒಟ್ಟಾಗಿ, ರಾಗವಾಗಿ ಹೇಳುತ್ತದೆ. ಕೆಲಸಕ್ಕೆ ಹೋಗುವ ತಾಯಂದಿರು ಕಾಂಪೌಂಡಿನ ಹೊರಗೆ ಒಂದು ಕ್ಷಣ ನಿಂತು ಅದನ್ನು ಕೇಳಿ, ಪಾಠ ನಡೀತಿದೆ ಎಂದು ಸಮಾಧಾನಪಟ್ಟು ಮೆಟ್ರೋ ಸ್ಟೇಷನ್ನಿನ ಕಡೆ ನಡೆಯುತ್ತಾರೆ. ಶಾಲೆಗೆ ಜಾಗ ಕೊಟ್ಟ ಮನೆತನದ ಯಜಮಾನರೂ ಹಾಗೆಯೇ. ಅವರ ಹಿರಿಯರು ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆಯ ರೂಮುಗಳ ಸಾಲು. ಆ ಹುಡುಗಿಯ ಮನೆಯವರೂ ಅದರಲ್ಲೊಂದು ರೂಮಿನಲ್ಲಿದ್ದರು. ಯಜಮಾನರು ಬಿಳಿ ಪಂಚೆಯ ಕೆಳಗೆ ಸ್ಪೋರ್ಟ್ಸ್ ಶೂ ಹಾಕಿಕೊಂಡು ದಿನವೂ ವಾಕಿಂಗ್ ಬರುತ್ತಾರೆ, ಗೇಟಿನ ಹತ್ತಿರ ನಿಂತು ಯಾವ ತರಗತಿಯ ಮಗ್ಗಿ ಜೋರಾಗಿದೆ ಎಂದು ಕೇಳುತ್ತಾರೆ. ಅವರೂ ಇದೇ ಶಾಲೆಯಲ್ಲಿ ಓದಿದವರು.

ನನ್ನ ತರಗತಿಯ ಮಗ್ಗಿ ಜೋರಾಗಿಯೇ ಇತ್ತು. ಆ ಹುಡುಗಿಯೂ ಬಾಯಿ ತೆರೆದು ಹೇಳುತ್ತಿದ್ದಳು. ನಾನು ಅವಳ ಬಾಯಿ ಆಡುವುದನ್ನು ನೋಡಿ, ಮಗ್ಗಿಯಾದರೂ ಬರುತ್ತಿದೆಯಲ್ಲ ಎಂದುಕೊಂಡಿದ್ದೆ.

ಮಳೆಗಾಲದ ಒಂದು ಬೆಳಿಗ್ಗೆ. ಏಳರ ಮಗ್ಗಿ. ಅವಳ ಪಕ್ಕದಲ್ಲಿ ಕೂರುವ ಹುಡುಗಿ ಜ್ವರವೆಂದು ಬಂದಿರಲಿಲ್ಲ. ಮಕ್ಕಳು ಹೇಳುತ್ತಿದ್ದರು, ನಾನು ಬೆನ್ನು ಹಾಕಿ ಬೋರ್ಡಿನ ಮೇಲೆ ಲೆಕ್ಕ ಬರೆಯುತ್ತಿದ್ದೆ. ಗೂಡ್ಸ್ ಗಾಡಿ ಬಂತು. ನಾನು ತಿರುಗದೆಯೇ ಸೀಮೆಸುಣ್ಣ ಹಿಡಿದ ಕೈ ಎತ್ತಿದೆ, ಮಗ್ಗಿ ನಿಂತಿತು. ಅಥವಾ ನಿಂತಿತೆಂದು ತಿಳಿದುಕೊಂಡೆ, ಯಾಕೆಂದರೆ ಆ ಸದ್ದಿನಲ್ಲಿ ಏನೂ ಕೇಳುವುದಿಲ್ಲ. ಗೂಡ್ಸ್ ಗಾಡಿ ಉದ್ದ. ಕೊನೆಯ ಡಬ್ಬಿ ದಾಟಿ ಸದ್ದು ಕೆ.ಆರ್. ಪುರದ ಕಡೆಗೆ ತೆಳುವಾಗುತ್ತ ಹೋಯಿತು. ಆ ತೆಳುವಾದ ಸದ್ದಿನ ಅಡಿಯಿಂದ ಒಂದು ದನಿ ಮೇಲೆ ಬಂತು.

ಅದು ಮಗ್ಗಿಯ ರಾಗ. ಪದ ಒಂದೂ ಇರಲಿಲ್ಲ. 'ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು' ಎನ್ನುವಾಗ ದನಿ ಎಲ್ಲಿ ಏರುತ್ತದೋ ಅಲ್ಲಿ ಏರುತ್ತಿತ್ತು, ಎಲ್ಲಿ ಇಳಿಯುತ್ತದೋ ಅಲ್ಲಿ ಇಳಿಯುತ್ತಿತ್ತು. ಆ ಏರಿಳಿತದೊಳಗೆ ಬರೀ ಆ, ಊ, ಆ. ನಾನು ತಿರುಗಿದೆ. ಅವಳು ತಲೆ ಬಗ್ಗಿಸಿ ಸ್ಲೇಟಿಗೆ ಗೆರೆ ಎಳೆದುಕೊಳ್ಳುತ್ತ ಹೇಳುತ್ತಲೇ ಇದ್ದಳು. ಎಲ್ಲರೂ ಸುಮ್ಮನಾಗಿ ಅವಳನ್ನೇ ನೋಡುತ್ತಿದ್ದರು. ಯಾರೋ ಒಬ್ಬರು ನಕ್ಕರು, ಮತ್ತೆ ಎಲ್ಲರೂ ನಕ್ಕರು. ಅವಳು ನಿಲ್ಲಿಸಲಿಲ್ಲ. ಸ್ಲೇಟಿನಿಂದ ತಲೆ ಎತ್ತಿ, ಸುತ್ತಲಿನ ಬಾಯಿಗಳನ್ನು ಕಂಡ ಮೇಲೆಯೇ ನಿಲ್ಲಿಸಿದ್ದು. ಆಮೇಲೆ ಅವಳೂ ನಕ್ಕಳು. ಎಲ್ಲರೂ ನಗುವಾಗ ನಗಬೇಕು ಎಂದು ಅವಳಿಗೆ ಗೊತ್ತಿತ್ತು.

ಮಕ್ಕಳಿಗೆ ಬರೆಯಲು ಏನನ್ನೋ ಕೊಟ್ಟು, ನಿಧಾನವಾಗಿ ನಡೆದು ಅವಳ ಹಿಂದೆ ಹೋಗಿ ನಿಂತೆ. ಅವಳ ಹೆಸರು ಕರೆದೆ. ಎಲ್ಲರೂ ತಿರುಗಿದರು, ಅವಳು ತಿರುಗಲಿಲ್ಲ. ಚಪ್ಪಾಳೆ ತಟ್ಟಿದೆ. ಅವಳು ಬರೆಯುತ್ತಿದ್ದಳು. ಅಚ್ಚು ಹಾಕಿದ ಹಾಗೆ.

ಪಕ್ಕದ ಹುಡುಗಿ ಜ್ವರ ಬಿಟ್ಟು ಶಾಲೆಗೆ ಬಂದ ದಿನ ನಾನು ಅವಳನ್ನು ವರಾಂಡಕ್ಕೆ ಕರೆದು ಕೇಳಿದೆ. ಮನೆಯಲ್ಲಿ ತಮಿಳು ಆಡುವ, ಶಾಲೆಯಲ್ಲಿ ಅರಳು ಹುರಿದಂತೆ ಕನ್ನಡ ಆಡುವ ಪುಟ್ಟ ಹುಡುಗಿ. ಅವಳಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು.

"ಅವ್ಳಿಗೆ ಕೇಳ್ಸಲ್ಲ ಮಿಸ್. ರೈಲು ಬಂದ್ರೆ ನಾನೇ ಮೊಣಕೈಲಿ ತಿವಿಯೋದು, ನಿಲ್ಸು ಅಂತ."

ಯಾಕೆ ನನಗೆ ಹೇಳಲಿಲ್ಲ ಎಂದೆ.

"ನಿಮ್ಗೂ ಗೊತ್ತು ಅಂದ್ಕೊಂಡೆ ಮಿಸ್. ನೀವು ದಿನಾ ಅವ್ಳನ್ನ ನೋಡ್ಕೊಂಡೇ ಮಾತಾಡ್ತೀರಲ್ಲ."

ಆಮೇಲೆ ನಿಧಾನವಾಗಿ ನನಗೆ ತಿಳಿದದ್ದು ಇಷ್ಟು. ರೈಲು ಬರುವುದು ಆ ಹುಡುಗಿಗೆ ನಮಗಿಂತ ಮೊದಲೇ ಗೊತ್ತಾಗುತ್ತಿತ್ತು. ಬೆಂಚಿನ ಹಲಗೆ ಅವಳ ಅಂಗೈಗೆ ಹೇಳುತ್ತಿತ್ತು. ಆದರೆ ನಾವು ಬಾಯಿ ಮುಚ್ಚುವುದು ರೈಲಿನ ಕಾರಣಕ್ಕೆ ಎಂದು ಗೊತ್ತಿರಲಿಲ್ಲ. ಹಲಗೆ ನಡುಗುವುದು ಒಂದು ಸಂಗತಿ, ಮೊಣಕೈ ತಿವಿದರೆ ನಿಲ್ಲಿಸುವುದು ಇನ್ನೊಂದು. ಒಂದಕ್ಕೂ ಇನ್ನೊಂದಕ್ಕೂ ಇರುವ ಸಂಬಂಧವನ್ನು ಕಿವಿಯೇ ಹೇಳಬೇಕಿತ್ತು. ಆ ದಿನ ಮೊಣಕೈ ಇರಲಿಲ್ಲ, ಹಾಗಾಗಿ ಅವಳು ನಿಲ್ಲಿಸಲಿಲ್ಲ.

ತಾಯಿಗೆ ಹೇಳಿ ಕಳಿಸಿದೆ. ಆಕೆ ಕೆಲಸದಿಂದ ಮರಳುವಾಗ ಬಂದಳು. ಮಗಳಿಗೆ ಕಿವಿ ಕೇಳುತ್ತಿಲ್ಲ, ಶಿವಾಜಿನಗರದ ಸರ್ಕಾರಿ ಆಸ್ಪತ್ರೆಗೆ ಹೋಗಿ ತೋರಿಸೋಣ ಎಂದಾಗ ಆಕೆ ನನ್ನನ್ನು ಕೆಳಗಿನಿಂದ ಮೇಲಕ್ಕೆ ನೋಡಿದಳು.

"ಕೇಳ್ತದ್ರಿ ಆಕಿಗೆ. ಕೈ ಮಾಡಿ ಕರದ್ರ ಬರ್ತಾಳ. ಮಾತ ಮೊದಲಿಂದ ಕಮ್ಮಿ ಆಕಿದು. ನಿಮ್ಮ ಮಾತ ಆಕಿಗೆ ತಿಳಿಯಂಗಿಲ್ಲ, ಅಷ್ಟ. ನೀವು ಮಂದಿ ಬ್ಯಾರೇನ ಮಾತಾಡ್ತೀರಿ."

ಶಾಲೆಯಲ್ಲಿ ನಾವು ಅವರ ಮಾತಿನ ಮೇಲೆ ಹಾಕಿದ್ದ ತಪ್ಪನ್ನು ಮನೆಯಲ್ಲಿ ಅವರು ನಮ್ಮ ಮಾತಿನ ಮೇಲೆ ಹಾಕಿದ್ದರು. ಎರಡು ಕನ್ನಡಗಳ ಸಂದಿಯಲ್ಲಿ ಆ ಮಗುವಿನ ಕಿವಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನಾನು ಇನ್ನೂ ಏನೋ ಹೇಳಲು ಹೋದೆ. ಮಗಳಿಗೆ ಊನ ಹಚ್ಚಬೇಡಿ ಎಂಬಂತೆ ಆಕೆ ಕೈ ಅಡ್ಡ ಹಿಡಿದು, ದಸರಾಕ್ಕೆ ಊರಿಗೆ ಹೋಗುವುದೇ ಸೈ ಎಂದು ಹೇಳಿ ಹೋದಳು.

ಆಸ್ಪತ್ರೆಗೆ ಕರೆದೊಯ್ಯಲು ತಾಯಿಯ ಒಪ್ಪಿಗೆ ಬೇಕು. ತರಗತಿಯನ್ನು ಬದಲಾಯಿಸಲು ಯಾರ ಒಪ್ಪಿಗೆಯೂ ಬೇಕಿರಲಿಲ್ಲ. ಮೊದಲು ಬೆಂಚುಗಳನ್ನು ಎಳೆದು ಅರ್ಧಚಂದ್ರದ ಹಾಗೆ ಜೋಡಿಸಿದೆವು. ಎಲ್ಲರ ಮುಖ ಎಲ್ಲರಿಗೂ ಕಾಣಬೇಕು. ಬೋರ್ಡಿನ ಕಡೆ ತಿರುಗಿಕೊಂಡು ಮಾತಾಡುವುದನ್ನು ಬಿಟ್ಟೆ. ಇದು ಹೇಳುವಷ್ಟು ಸುಲಭವಲ್ಲ. ಬರೆಯುತ್ತ ಮಾತಾಡುವುದು ನನ್ನ ಮೈಗೆ ಅಂಟಿಹೋಗಿತ್ತು. ಮಕ್ಕಳಿಗೇ ಕಾವಲು ವಹಿಸಿದೆ. ನಾನು ಬೆನ್ನು ಹಾಕಿ ಬಾಯಿ ತೆರೆದರೆ ಯಾರಾದರೂ ಬೆಂಚು ತಟ್ಟಬೇಕು. ಮೊದಲ ದಿನ ಬೆಂಚಿನ ಸದ್ದು ಬಿಟ್ಟು ಬೇರೇನೂ ಕೇಳಿಸಲಿಲ್ಲ.

ಮಗ್ಗಿಯನ್ನು ಒಟ್ಟಾಗಿ ಹಾಡುವುದನ್ನೂ ನಿಲ್ಲಿಸಿದೆ. ಆ ರಾಗದಲ್ಲಿ ಅವಿತುಕೊಂಡವಳು ಅವಳೊಬ್ಬಳೇ ಅಲ್ಲ ಎಂಬ ಅನುಮಾನ ನನಗೆ ಬಂದಿತ್ತು. ಒಬ್ಬೊಬ್ಬರನ್ನೇ ಕೇಳಿದಾಗ ಅದು ನಿಜವಾಯಿತು. ಕಿವಿ ಚೆನ್ನಾಗಿರುವ ಎಷ್ಟೋ ಮಕ್ಕಳಿಗೂ ರಾಗ ಬರುತ್ತಿತ್ತು, ಮಗ್ಗಿ ಬರುತ್ತಿರಲಿಲ್ಲ.

ಆಗ ರೈಲಿನ ಹೊತ್ತು ನೆನಪಾಯಿತು. ದಿನಕ್ಕೆ ಹಲವು ಸಲ ಕೈ ಎತ್ತಿ ಸುಮ್ಮನೆ ಕೂರುವ ಆ ಹೊತ್ತಿನಲ್ಲಿ ನಮ್ಮ ತರಗತಿಯಲ್ಲಿ ಯಾರಿಗೂ ಕಿವಿ ಇರುವುದಿಲ್ಲ. ಆ ಹೊತ್ತಿನಲ್ಲಿ ಅವಳಿಗೂ ಮಿಕ್ಕವರಿಗೂ ಯಾವ ವ್ಯತ್ಯಾಸವೂ ಇಲ್ಲ. ಹಾಗಾದರೆ ಪಾಠ ನಿಲ್ಲಿಸುವ ಬದಲು ಆಗಲೇ ಪಾಠ ಮಾಡಿದರೆ?

ಹೀಗೆ ಮಾಡಿದೆವು. ರೈಲು ಬಂದೊಡನೆ ಒಬ್ಬರು ಮುಂದೆ ಬರುವುದು. ಯಾವ ಮಗ್ಗಿ ಎಂದು ಅವರು ಬೆರಳಿನಲ್ಲಿ ತೋರಿಸುವುದು, ಏಳರದಾದರೆ ಏಳು ಬೆರಳು. ಮುಂದೆ ಬಂದವರು ಯಾರನ್ನು ತೋರಿಸುತ್ತಾರೋ ಅವರು ಏಳು ಬೆರಳು ಎತ್ತಿ ಎದ್ದು ನಿಲ್ಲುವುದು. ಒಬ್ಬೊಬ್ಬರು ಎದ್ದಂತೆ ಕೂತವರು ಮೊತ್ತವನ್ನು ಸ್ಲೇಟಿನಲ್ಲಿ ಬರೆದು ಎತ್ತುವುದು. ಬಾಯಿ ತೆರೆದವರು ಔಟು. ರೈಲು ದಾಟುವವರೆಗೆ ಎಷ್ಟು ಜನ ನಿಂತರೋ ಅಷ್ಟು ಮಗ್ಗಿ.

ಶುರುವಿನಲ್ಲಿ ಎಲ್ಲ ಗೋಜಲಾಯಿತು. ಒಬ್ಬ ಹುಡುಗ ಬೆರಳು ಎಣಿಸುವುದರಲ್ಲೇ ರೈಲು ಮುಗಿಸಿಬಿಡುತ್ತಿದ್ದ. ತರಗತಿಗೇ ಮೊದಲಿಗಳಾದ, ಕೇಳಿದ್ದಕ್ಕೆಲ್ಲ ಪಟಪಟನೆ ಉತ್ತರ ಕೊಡುವ ಹುಡುಗಿ ಬಾಯಿ ತಡೆಯಲಾರದೆ ದಿನವೂ ಔಟಾಗಿ, ಒಂದು ದಿನ ಬಿಕ್ಕಿ ಬಿಕ್ಕಿ ಅತ್ತಳು. ಅವಳಿಗೆ ಸೋತು ಗೊತ್ತಿರಲಿಲ್ಲ. ಮೂರು ಪದ ಸೇರಿಸಿ ಮಾತಾಡಲು ಹೆದರುತ್ತಿದ್ದ ಉರ್ದು ಮನೆಮಾತಿನ ಹುಡುಗ ಮಾತ್ರ ಕಣ್ಣು ಮಿಟುಕಿಸದೆ ಎಲ್ಲವನ್ನೂ ಸರಿಯಾಗಿ ಬರೆಯುತ್ತಿದ್ದ. ಕಿಟಕಿಯ ಪಕ್ಕದ ಹುಡುಗಿ ಮೊದಮೊದಲು ಸುಮ್ಮನೆ ನೋಡುತ್ತಿದ್ದಳು. ಆಮೇಲೊಂದು ದಿನ ರೈಲು ನಮಗೆ ಕೇಳುವ ಮೊದಲೇ ಅಂಗೈಯನ್ನು ಬೆಂಚಿನಿಂದ ಎತ್ತಿ ಗಾಳಿಯಲ್ಲಿ ಹಿಡಿದಳು. ಎಲ್ಲರೂ ಅವಳನ್ನು ನೋಡಿದೆವು. ಸ್ವಲ್ಪ ಹೊತ್ತಿನಲ್ಲಿ ಸರಳು ನಡುಗಿತು.

ಅಂದಿನಿಂದ ರೈಲನ್ನು ಸಾರುವ ಕೆಲಸ ಅವಳದಾಯಿತು. ಅವಳು ಕೈ ಎತ್ತಿದರೆ ನಾನು ಕೈ ಎತ್ತುತ್ತಿದ್ದೆ. ಬೆರಳಿನಿಂದ ಶುರುವಾದದ್ದು ಪದಗಳಿಗೆ ಹೋಯಿತು. ನೀರಿಗೆ ಒಂದು, ಮರಕ್ಕೆ ಒಂದು, ತಪ್ಪಿಗೆ ಒಂದು ಸಂಜ್ಞೆ. ಮಕ್ಕಳು ಬಿಡುವಿನಲ್ಲೂ ಹೊಸದನ್ನು ಕಟ್ಟುತ್ತಿದ್ದರು. ನಾನು ಸಂಜ್ಞೆಯ ಪಕ್ಕದಲ್ಲಿ ಪದವನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದೆ, ಅವಳು ಮೊದಲು ಕೈ ನೋಡುತ್ತಿದ್ದಳು, ಆಮೇಲೆ ಪದ. ತಾನು ಇಷ್ಟು ದಿನ ಅಂದವಾಗಿ ಇಳಿಸಿಕೊಳ್ಳುತ್ತಿದ್ದ ಗೆರೆಗಳು ಒಂದೊಂದು ವಸ್ತುವಿನ ಹೆಸರು ಎಂದು ಅವಳಿಗೆ ಹೊಳೆದ ದಿನ ಯಾವುದು ಎಂದು ನನಗೆ ಹೇಳಲಾಗುವುದಿಲ್ಲ. ಒಂದು ದಿನ ನಾನು 'ಮರ' ಎಂದು ಬರೆಯುತ್ತಿರುವಾಗ, ಬರೆದು ಮುಗಿಸುವ ಮೊದಲೇ ಅವಳು ಕಿಟಕಿಯ ಹೊರಗಿನ ಹೊಂಗೆಯನ್ನು ತೋರಿಸಿದ್ದಳು. ಅಷ್ಟು ನೋಡಿದ್ದೇನೆ.

ಆದರೆ ಹೊರಗಿನವರಿಗೆ ನಮ್ಮ ತರಗತಿ ಸತ್ತುಹೋಗಿತ್ತು. ಮೂರನೆಯದರಿಂದ ಹಾಡು, ಐದನೆಯದರಿಂದ ಮಗ್ಗಿ, ನಡುವಿನ ನಾಲ್ಕನೆಯದರಿಂದ ಏನೂ ಇಲ್ಲ. ಯಜಮಾನರು ಒಂದು ಬೆಳಿಗ್ಗೆ ಗೇಟು ದಾಟಿ ಒಳಗೇ ಬಂದರು.

"ಏನ್ ಮೇಡಂ, ನಾಲ್ಕನೇ ಕ್ಲಾಸಿಂದ ಸೌಂಡೇ ಇಲ್ವಲ್ಲ. ಮಕ್ಳು ಹುಷಾರಾಗಿದಾರೆ ತಾನೆ?"

ಪಾಠ ನಡೆಯುತ್ತಿದೆ ಎಂದೆ.

"ನಡೀತಿದ್ರೆ ಕೇಳ್ಬೇಕಲ್ವಾ? ನಾವ್ ಓದೋವಾಗ ನಮ್ಮ ಮಗ್ಗಿ ಸ್ಟೇಷನ್‌ವರ್ಗೂ ಕೇಳ್ತಿತ್ತು. ಸಿಗ್ನಲ್ ಹಾಕೋನಿಗೂ ಹದಿಮೂರರ ಮಗ್ಗಿ ನಮ್ಮಿಂದಾನೇ ಬಂದಿದ್ದು."

ನಗುತ್ತಲೇ ಹೇಳಿದರು, ಆದರೆ ಆ ಮಾತು ಅವರ ರೂಮುಗಳ ಸಾಲಿನಲ್ಲೆಲ್ಲ ಹರಡಿತು. ಬೆಳಗ್ಗೆ ಕಾಂಪೌಂಡಿನ ಹೊರಗೆ ನಿಲ್ಲುವ ತಾಯಂದಿರು ಆಗಲೇ ಮಾತಾಡಿಕೊಳ್ಳುತ್ತಿದ್ದರು. ಮುಖ್ಯೋಪಾಧ್ಯಾಯರು ನನ್ನನ್ನು ಕರೆದು, ನಿಮ್ಮ ಮೇಲೆ ನಂಬಿಕೆ ಇದೆ, ಆದರೂ ದಿನಕ್ಕೆ ಒಂದು ಸಲ ಜೋರಾಗಿ ಹೇಳಿಸಿಬಿಡಿ ಎಂದರು. ನಾನು ಆಗಲಿ ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ.

ದಸರಾ ರಜೆಗೆ ಮುಂಚಿನ ವಾರ ಹುಡುಗಿಯ ತಾಯಿ ಬಂದಳು. ಮೊದಲ ಪಿರಿಯಡ್ಡು. ಅದೇ ನೀಲಿ ಕೋಟು, ಕೈಯಲ್ಲಿ ಊಟದ ಬುತ್ತಿ, ಕೆಲಸಕ್ಕೆ ಹೋಗುವ ಅವಸರ. ಬಾಗಿಲಲ್ಲೇ ನಿಂತು ಹೇಳಿದಳು.

"ಟಿ.ಸಿ. ಕೊಡ್ರಿ ಟೀಚರ್. ನಿಮ್ಮ ಕ್ಲಾಸಿನ್ಯಾಗ ಪಾಠ ಇಲ್ಲ ಏನಿಲ್ಲ. ನಾ ದಿನಾ ಹೊರಗ ನಿಂತು ಕೇಳ್ತೀನಿ."

ನಾನು ಆ ಹುಡುಗಿಗಾಗಿ ಬದಲಾಯಿಸಿದ್ದೇ ಅವಳನ್ನು ಕಳಿಸುವ ಕಾರಣವಾಗಿ ಬಾಗಿಲಲ್ಲಿ ನಿಂತಿತ್ತು. ಏನು ಹೇಳಿದರೂ ಆಕೆ ಕೇಳುವ ಸ್ಥಿತಿಯಲ್ಲಿರಲಿಲ್ಲ. ಟಿ.ಸಿ. ಬರೆಯಲು ಸ್ವಲ್ಪ ಹೊತ್ತು ಹಿಡಿಯುತ್ತದೆ, ಅಲ್ಲಿಯವರೆಗೆ ಒಳಗೆ ಕೂತುಕೊಳ್ಳಿ ಎಂದೆ. ಅದು ಸುಳ್ಳಲ್ಲ, ಹಿಡಿಯುತ್ತದೆ. ಆಕೆ ಗೋಡೆಗೆ ಒರಗಿ, ಕೂರದೆ, ನಿಂತಳು. ಮಗಳು ಅಮ್ಮನನ್ನು ನೋಡಿದಳು, ನನ್ನನ್ನು ನೋಡಿದಳು. ನಮ್ಮಿಬ್ಬರ ಮುಖದಲ್ಲಿ ಏನನ್ನು ಓದಿದಳೋ, ನಗಲಿಲ್ಲ.

ಅಂಥ ಹೊತ್ತಿನಲ್ಲಿ ರೈಲು ಬರುತ್ತದೆಯೇ ಎಂದು ಕಾಯುವುದು ಎಷ್ಟು ಕಷ್ಟ ಎಂದು ನಾನು ಹೇಳಲಾರೆ. ವರ್ಷಗಟ್ಟಲೆ ಬೈದುಕೊಂಡ ರೈಲು ಅದು. ನಾನು ಪರಿಸರ ಅಧ್ಯಯನದ ಪಾಠ ಶುರುಮಾಡಿದೆ, ಏನು ಹೇಳಿದೆನೋ ನನಗೇ ನೆನಪಿಲ್ಲ.

ಹುಡುಗಿಯ ಅಂಗೈ ಬೆಂಚಿನಿಂದ ಎದ್ದಿತು.

ನಾನು ಮಾತು ನಿಲ್ಲಿಸಿದೆ. ಅವಳನ್ನೇ ಮುಂದೆ ಕರೆದೆ. ರೈಲು ಬಂತು; ತಾಯಿ ಗೋಡೆಯಿಂದ ಏನೋ ಹೇಳಿದಳು, ಬಾಯಿ ಆಡಿದ್ದು ಕಂಡಿತು, ಮಾತು ಕೇಳಲಿಲ್ಲ. ಯಾರೂ ಅತ್ತ ತಿರುಗಲೂ ಇಲ್ಲ. ತನ್ನ ಮಾತು ಯಾರನ್ನೂ ಮುಟ್ಟುತ್ತಿಲ್ಲ ಎಂದು ಆಕೆ ಸುತ್ತಲೂ ನೋಡಿ ಸುಮ್ಮನಾದಳು.

ಹುಡುಗಿ ಏಳು ಬೆರಳು ತೋರಿಸಿದಳು. ಒಬ್ಬರನ್ನು ತೋರಿಸಿದಳು, ಅವರು ಎದ್ದರು. ಇನ್ನೊಬ್ಬರನ್ನು, ಅವರೂ ಎದ್ದರು. ಸ್ಲೇಟುಗಳು ಮೇಲೆದ್ದವು, ಇಳಿದವು, ಮತ್ತೆ ಎದ್ದವು. ಅವಳ ಕಣ್ಣು ಒಂದೊಂದು ಸ್ಲೇಟಿನ ಮೇಲೂ ಹಾದುಹೋಗುತ್ತಿತ್ತು. ಆರನೆಯವರು ಎದ್ದಾಗ ತರಗತಿಗೆ ಮೊದಲಿಗಳಾದ ಹುಡುಗಿಯ ಸ್ಲೇಟಿನಲ್ಲಿ ನಲವತ್ತೊಂದು ಇತ್ತು. ಇವಳು ಅಲ್ಲೇ ನಿಂತಳು. ತಪ್ಪಿನ ಸಂಜ್ಞೆ ಮಾಡಿದಳು. ಹತ್ತಿರ ಹೋಗಿ, ನಿಂತವರನ್ನು ಮತ್ತೊಮ್ಮೆ ತೋರಿಸಿ, ಒಂದು ಬೆರಳು ಎತ್ತಿ, ಇದು ಬಿಟ್ಟುಹೋಗಿದೆ ಎಂದು ಕಾಣಿಸಿದಳು. ಆ ಹುಡುಗಿ ನಾಲಿಗೆ ಕಚ್ಚಿಕೊಂಡು ಅಳಿಸಿ ನಲವತ್ತೆರಡು ಬರೆದಳು. ಇವಳು ತಲೆ ಅಲ್ಲಾಡಿಸಿ ಮುಂದಿನವರನ್ನು ಎಬ್ಬಿಸಿದಳು. ಥೇಟ್ ಟೀಚರಮ್ಮ.

ರೈಲು ದಾಟಿತು. ಆಮೇಲಿನ ನಿಶ್ಶಬ್ದದಲ್ಲಿ ಮೊದಲು ಕೇಳಿದ್ದು ತಾಯಿಯ ದನಿ, ತೀರ ಸಣ್ಣದಾಗಿ.

"ಈಗ ಯಾರಿಗೂ ಕೇಳ್ತಿದ್ದಿಲ್ಲಲ್ರಿ?"

ಯಾರಿಗೂ ಕೇಳುತ್ತಿರಲಿಲ್ಲ ಎಂದೆ. ನಿಮ್ಮ ಮಗಳಿಗೆ ದಿನವೆಲ್ಲ ಹೀಗೇ ಇರುತ್ತದೆ ಎಂದೆ. ಆಕೆ ಬುತ್ತಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡಳು.

"ಹಂಗಾರ ನಾ ಇಷ್ಟು ವರ್ಷ ಬೈದದ್ದು ಒಂದೂ ಆಕಿಗೆ ಮುಟ್ಟಿಲ್ಲೇನ್ರಿ? ನಾ ಬೈತಿದ್ರ ನಕ್ಕೋತ ನಿಲ್ತಿದ್ಲು. ಕೊಬ್ಬು ಅನಕೊಂಡಿದ್ದೆ."

ಆಕೆ ಅಳಲಿಲ್ಲ. ಬೆಂಚುಗಳ ನಡುವೆ ಬಂದು ಮಗಳ ಜಡೆಯ ರಿಬ್ಬನ್ನು ಬಿಗಿದು ಕಟ್ಟಿದಳು, ಅದು ಬಿಗಿಯಾಗಿಯೇ ಇತ್ತು. ಆಮೇಲೆ ನನ್ನನ್ನಲ್ಲ, ಪಕ್ಕದಲ್ಲಿ ಕೂರುವ ಪುಟ್ಟ ಹುಡುಗಿಯನ್ನು ಕೇಳಿದಳು, "ಬೈಯಬೇಕಾದ್ರ ಕೈಯಾಗ ಹ್ಯಾಂಗ ಬೈತೀರವ್ವ?"

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೈಗುಳಕ್ಕೆ ಅವರಲ್ಲಿ ಸಂಜ್ಞೆ ಇತ್ತು, ನನ್ನ ಮುಂದೆ ತೋರಿಸಲು ಸಂಕೋಚ. ಕೊನೆಗೆ ಆ ಪುಟ್ಟ ಹುಡುಗಿ ಎದ್ದು, ತೋರುಬೆರಳಿನಿಂದ ಮೂಗಿನ ಮೇಲಿನ ಕನ್ನಡಕವನ್ನು ಮೇಲಕ್ಕೆ ತಳ್ಳುವ ಹಾಗೆ ಮಾಡಿ, ಹುಬ್ಬು ಏರಿಸಿ, ತಲೆಯನ್ನು ನಿಧಾನವಾಗಿ ಆಡಿಸಿದಳು. ಅವಳಿಗೆ ಕನ್ನಡಕವಿಲ್ಲ. ಇಡೀ ತರಗತಿಯಲ್ಲಿ ಕನ್ನಡಕವಿರುವುದು ನನಗೊಬ್ಬಳಿಗೇ. ತರಗತಿ ಗೊಳ್ಳೆಂದು ನಕ್ಕಿತು. ತಾಯಿ ನನ್ನತ್ತ ನೋಡಿ, ನಗು ತಡೆದುಕೊಂಡು, ಇಲ್ಲದ ಕನ್ನಡಕವನ್ನು ಮೇಲಕ್ಕೆ ತಳ್ಳಿ ಮಗಳ ಕಡೆ ಹುಬ್ಬು ಏರಿಸಿದಳು. ಮಗಳು ನಕ್ಕಳು. ಈ ನಗು ನಾನು ಅದುವರೆಗೆ ಕಂಡ ನಗುವಲ್ಲ. ಇದಕ್ಕೆ ದನಿ ಇತ್ತು.

ಟಿ.ಸಿ.ಯ ಮಾತನ್ನು ಆಕೆ ಮತ್ತೆ ಎತ್ತಲಿಲ್ಲ. ತಡವಾಯಿತೆಂದು ಓಡಿದಳು. ಮರುವಾರ ಕೆಲಸಕ್ಕೆ ರಜೆ ಹಾಕಿ ಬಂದಳು. ಮೂವರೂ ಬಸ್ಸಿನಲ್ಲಿ ಶಿವಾಜಿನಗರಕ್ಕೆ ಹೋದೆವು. ಒಂದು ಕಿವಿ ಏನೂ ಕೇಳುವುದಿಲ್ಲ, ಇನ್ನೊಂದರಲ್ಲಿ ದಪ್ಪ ಸದ್ದುಗಳಷ್ಟೇ ಎಂದು ಡಾಕ್ಟರು ಹೇಳಿದರು. ಅದರಿಂದಲೇ ರಾಗ ಬಂದದ್ದು, ಪದ ಬಾರದೆ ಹೋದದ್ದು. ಕಿವಿಯ ಯಂತ್ರ ಬರಲು ಕೆಲವು ತಿಂಗಳಾಯಿತು. ಅದು ಬಂದ ಮೇಲೂ ಎಲ್ಲವೂ ಕೇಳುವುದಿಲ್ಲ, ಸಂಜೆಯ ಹೊತ್ತಿಗೆ ತಲೆನೋವೆಂದು ತೆಗೆದು ಜೇಬಿನಲ್ಲಿ ಇಟ್ಟುಕೊಳ್ಳುತ್ತಾಳೆ. ಇಂಥ ಮಕ್ಕಳಿಗಾಗಿಯೇ ಇರುವ ಶಿಕ್ಷಕಿಯೊಬ್ಬರು ಈಗ ಆಗಾಗ ಬರುತ್ತಾರೆ. ನಮ್ಮ ಸಂಜ್ಞೆಗಳಲ್ಲಿ ಅರ್ಧಕ್ಕರ್ಧ ತಪ್ಪೆಂದು ನಗುತ್ತ ಸರಿಯಾದವನ್ನು ಕಲಿಸಿದರು. ಕನ್ನಡಕದ ಸಂಜ್ಞೆಯನ್ನು ಮಾತ್ರ ಮಕ್ಕಳು ಬಿಟ್ಟುಕೊಡಲಿಲ್ಲ.

ಆ ವರ್ಷ ಅವಳು ನಿಧಾನವಾಗಿ, ತಡವರಿಸುತ್ತ, ಆದರೆ ಅರ್ಥ ತಿಳಿದು ಓದಿದಳು. ಬೇರೆಯವರಿಗಿಂತ ಹಿಂದೆಯೇ ಇದ್ದಳು, ಈಗಲೂ ಕೆಲವು ಪಾಠಗಳಲ್ಲಿ ಹಿಂದೆ. ನನಗೆ ಹೆಮ್ಮೆ ಅವಳ ಬಗ್ಗೆ ಇದೆ. ಅಷ್ಟೇ ಹೆಮ್ಮೆ ತರಗತಿಯ ಬಗ್ಗೆಯೂ ಇದೆ. ಬಾಯಿ ತಡೆಯಲಾರದೆ ಅಳುತ್ತಿದ್ದ ಹುಡುಗಿ ಈಗ ರೈಲು ದಾಟುವವರೆಗೆ ತುಟಿ ಬಿಚ್ಚದೆ ಇರಬಲ್ಲಳು. ಬೆರಳು ಎಣಿಸುವುದರಲ್ಲೇ ರೈಲು ಮುಗಿಸುತ್ತಿದ್ದ ಹುಡುಗನಿಗಾಗಿ ಮಕ್ಕಳೇ ನಿಯಮ ಬದಲಾಯಿಸಿದರು. ಅವನ ಸ್ಲೇಟು ಏಳದೆ ಮುಂದಿನವರನ್ನು ಎಬ್ಬಿಸುವ ಹಾಗಿಲ್ಲ. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ.

ಯಜಮಾನರು ಕೂಡ ಒಂದು ದಿನ ಒಳಗೆ ಬಂದು ನಿಂತು ನೋಡಿದರು. ಏಳರ ಮಗ್ಗಿ ನಡೆದಿತ್ತು, ಹುಡುಗಿ ಅವರನ್ನೂ ತೋರಿಸಿಬಿಟ್ಟಳು. ಅವರು ಪಂಚೆ ಸರಿಮಾಡಿಕೊಂಡು ಬೆರಳು ಎತ್ತಿದರು, ಎಂಟು. ಅವಳು ಹತ್ತಿರ ಹೋಗಿ, ದೊಡ್ಡವರೆಂಬ ಮರ್ಯಾದೆಯಿಂದಲೇ, ಒಂದು ಬೆರಳನ್ನು ಮೆಲ್ಲಗೆ ಮಡಚಿದಳು. ರೈಲು ದಾಟಿದ ಮೇಲೆ ಅವರು ಕೆಮ್ಮಿ, "ಸೌಂಡ್ ಇಲ್ದಿದ್ರೂ ಪರವಾಗಿಲ್ಲ ಬಿಡಿ ಮೇಡಂ," ಎಂದರು.

ಈಗ ಅವಳು ಆರನೇ ತರಗತಿಯಲ್ಲಿದ್ದಾಳೆ. ತಾಯಿ ಬೆಳಗ್ಗೆ ಕಾಂಪೌಂಡಿನ ಹೊರಗೆ ನಿಂತು ಕಿವಿಗೊಡುವುದನ್ನು ಬಿಟ್ಟಿದ್ದಾಳೆ. ಗೇಟಿನ ಹತ್ತಿರ, ಒಳಗಿನಿಂದ ಕಾಣುವ ಕಡೆ ನಿಲ್ಲುತ್ತಾಳೆ. ಮೊನ್ನೆ ಮಗಳು ಬುತ್ತಿ ಮರೆತು ಬಂದಿದ್ದಳು. ತಾಯಿ ಗೇಟಿನಲ್ಲಿ ಬುತ್ತಿ ಎತ್ತಿ ತೋರಿಸಿ, ಮೂಗಿನ ಮೇಲೆ ಬೆರಳಿಟ್ಟು ಇಲ್ಲದ ಕನ್ನಡಕವನ್ನು ತಳ್ಳಿ, ಅಂಗಳದ ಉದ್ದಕ್ಕೂ ಮುಟ್ಟುವ ಹಾಗೆ ಬೈದಳು. ಮಗಳು ಈ ಸಲ ನಗುತ್ತ ನಿಲ್ಲಲಿಲ್ಲ. ವರಾಂಡದ ಅಂಚಿಗೆ ಬಂದು, ಚೀಲ ಕೆಳಗಿಟ್ಟು, ಎರಡೂ ಕೈ ಬಿಡುವು ಮಾಡಿಕೊಂಡು, ನೀನೇ ಚೀಲಕ್ಕೆ ಹಾಕಿ ಕೊಡಲಿಲ್ಲ ಎಂದು ಅಮ್ಮನಿಗೆ ತಿರುಗಿ ಉತ್ತರ ಕೊಟ್ಟಳು.